ದೋಣಿಯಲ್ಲಿ ಎಷ್ಟು ಜನ?

ನನಗೆ ಈಜು ಬರುವುದಿಲ್ಲ. ಹಲಸೂರು ಕೆರೆಯ ಪಕ್ಕದಲ್ಲೇ ಬೆಳೆದರೂ ನೀರಿಗೆ ಇಳಿದವನಲ್ಲ. ಅಂಥವನು ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಸಮುದ್ರದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ಸ್ವಯಂಸೇವಕರ ತಂಡಕ್ಕೆ ಸೇರಿದ್ದೇನೆ ಎಂದಾಗ ನನ್ನ ಹೆಂಡತಿ ಓದುತ್ತಿದ್ದ ಪುಸ್ತಕ ಕೆಳಗಿಟ್ಟಳು.

“ನೀವು ಬೀಚ್‌ಗೆ ಹೋದ್ರೆ ಪ್ಯಾಂಟ್ ಮಡಚಿಕೊಂಡು ನಿಲ್ತೀರಿ. ಅಲ್ಲಿ ಏನು ಮಾಡ್ತೀರಿ?”

“ರೇಡಿಯೋ ರೂಮ್‌ನಲ್ಲಿ ಕೂತ್ಕೊಳ್ಳೋದು. ದೋಣಿ ಹತ್ತೋ ಕೆಲಸ ನಂದಲ್ಲ.”

ಅದು ನಿಜವೇ. ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿರುವ ನಮ್ಮ ಮನೆಯಿಂದ ಕಾರಿನಲ್ಲಿ ಹದಿನೈದು ನಿಮಿಷ ಹೋದರೆ ಒಂದು ಸಣ್ಣ ಬಂದರು. ಅಲ್ಲಿ ತಗಡಿನ ಛಾವಣಿಯ ಒಂದು ಕಟ್ಟಡ, ಒಂದು ಹಳದಿ ದೋಣಿ, ಸಂಬಳವಿಲ್ಲದೆ ದುಡಿಯುವ ಒಂದಷ್ಟು ಜನ. ನನ್ನದು ಟೆಲಿಕಾಂ ಕೆಲಸ. ವರ್ಷಗಳಿಂದ ಮನೆಯಲ್ಲೇ ಕುಳಿತು ಮಾಡುತ್ತಿದ್ದೆ. ವಾರವಿಡೀ ಪರದೆಯ ಮೇಲಿನ ಮುಖಗಳನ್ನು ಬಿಟ್ಟರೆ ಮನುಷ್ಯರನ್ನು ಕಾಣುತ್ತಿರಲಿಲ್ಲ. ರೇಡಿಯೋ ಗೊತ್ತಿರುವವರು ಬೇಕು ಎಂಬ ಚೀಟಿಯನ್ನು ಲೈಬ್ರರಿಯ ಗೋಡೆಯ ಮೇಲೆ ನೋಡಿ ಹೋದೆ, ಸೇರಿಸಿಕೊಂಡರು. ಶನಿವಾರದ ಪಾಳಿ ನನ್ನದಾಯಿತು.

ಆ ಪಾಳಿಯಲ್ಲಿ ದೋಣಿ ನಡೆಸುವ ಸ್ಕಿಪ್ಪರ್ ಎಪ್ಪತ್ತು ದಾಟಿದ ಇಂಗ್ಲೆಂಡಿನವನು. ಯೌವನದಲ್ಲಿ ಅಲ್ಲಿಯೂ ಸಮುದ್ರ ತೀರದ ಊರಿನಲ್ಲಿ ಇದೇ ಕೆಲಸ ಮಾಡಿದವನು. ಅವನ ತಂಗಿಯ ಮಗ ಈಗ ಅದೇ ಊರಿನ ರಕ್ಷಣಾ ದೋಣಿಯಲ್ಲಿದ್ದ. ದೋಣಿಯಲ್ಲಿ ಸ್ಕಿಪ್ಪರನ ಜೊತೆಗಿರುತ್ತಿದ್ದವನು ಮನೆಗಳಿಗೆ ಟೈಲ್ಸ್ ಹಾಕುವ ಕೆಲಸದವನು. ನಲವತ್ತರ ಆಸುಪಾಸಿನ, ದೊಡ್ಡ ಕೈಗಳ, ಇಲ್ಲೇ ಹುಟ್ಟಿ ಬೆಳೆದ ಮನುಷ್ಯ. ಕರೆಗಳಿಲ್ಲದ ಹೊತ್ತಿನಲ್ಲಿ ನಾವು ಮೂವರೂ ಚಹಾ ಕುಡಿಯುತ್ತ ಕೂರುತ್ತಿದ್ದೆವು. ಮಾತು ಹೆಚ್ಚಾಗಿ ಮೀನಿನದು, ಗಾಳಿಯದು, ಮೊಣಕಾಲು ನೋವಿನದು.

ಒಂದು ಶನಿವಾರ ಸ್ಕಿಪ್ಪರ್ ಫೋನಿನಲ್ಲಿ ತಂಗಿ ಕಳಿಸಿದ ವಿಡಿಯೋ ತೋರಿಸಿದ. ಅವನ ಸೋದರಳಿಯನ ತಂಡ ರಬ್ಬರ್ ದೋಣಿಯಲ್ಲಿ ಕಡಲು ದಾಟುತ್ತಿದ್ದ ವಲಸಿಗರನ್ನು ದಡಕ್ಕೆ ತಂದಿತ್ತು. ಕಂಬಳಿ ಹೊದ್ದ ಹೆಂಗಸರು, ಹೆಗಲ ಮೇಲೆ ಮಗು. ದಡದಲ್ಲಿ ನಿಂತ ಕೆಲವರು ತಂಡವನ್ನೇ ಬೈಯುತ್ತಿದ್ದರು, ನೀವೇನು ಟ್ಯಾಕ್ಸಿ ಓಡಿಸುತ್ತೀರಾ ಎಂದು. ಸ್ಕಿಪ್ಪರನ ಕಿವಿ ಕೆಂಪಾಗಿತ್ತು.

“ನಾವು ತಲೆ ಎಣಿಸ್ತೀವಿ, ಪೇಪರ್ ಎಣಿಸಲ್ಲ. ಅಷ್ಟೇ,” ಎಂದ.

ಟೈಲ್ಸಿನವನು ಚಹಾದ ಮಗ್ ತಿರುಗಿಸುತ್ತ ನಿಧಾನವಾಗಿ ಹೇಳಿದ: “ಮುಳುಗೋಕೆ ಬಿಡಿ ಅಂತ ನಾನು ಹೇಳಲ್ಲ. ಆದ್ರೆ ಪ್ರತಿ ಸಲ ಹೋಗಿ ಕರ್ಕೊಂಡು ಬಂದ್ರೆ, ಕಳಿಸೋ ದಲ್ಲಾಳಿಗಳು ಇನ್ನೂ ಹಾಳು ದೋಣೀಲಿ ಕಳಿಸ್ತಾರೆ. ಅದಕ್ಕೆ ಯಾರು ಹೊಣೆ?”

ಸ್ಕಿಪ್ಪರ್ ನನ್ನ ಕಡೆ ತಿರುಗಿದ. “ನೀನೇನಂತೀಯ?”

ಇಬ್ಬರ ಮಾತೂ ಸರಿ ಎನ್ನಿಸಿತ್ತು. ಇಬ್ಬರಿಗೂ ತಲೆಯಾಡಿಸಿದೆ. ಆಗ ಟೈಲ್ಸಿನವನಿಗೆ ಏನೋ ಹೊಳೆದಂತಾಗಿ, “ನಿನ್ನ ಬಗ್ಗೆ ಅಲ್ಲ ಮೇಟ್. ನೀನು ಸರಿಯಾಗಿ ಬಂದವನು,” ಎಂದ.

ಆ ‘ಸರಿಯಾಗಿ’ ನನಗೆ ಹಿತವಾಗಿ ಕೇಳಿಸಿತು. ವೀಸಾಕ್ಕೆ ಬೇಕಾದ ಪಾಯಿಂಟ್ಸ್ ಕೂಡಿಸಿ, ಇಂಗ್ಲಿಷ್ ಪರೀಕ್ಷೆಯನ್ನು ಎರಡು ಸಲ ಬರೆದು, ಇಲ್ಲೇ ಕಾಯಂ ಆಗಿ ನೆಲೆಸಲು ಬೇಕಾದ ಪಿಆರ್ ಬರುವ ತನಕ ಹಗಲೂ ಇರುಳೂ ಇಮೇಲ್ ನೋಡಿದ್ದವನು ನಾನು. ಕಾರು ಹತ್ತಿ ಮನೆಯ ಕಡೆ ತಿರುಗಿದ ಮೇಲೆ ಅದೇ ಮಾತು ಬೂಟಿನೊಳಗಿನ ಕಲ್ಲಿನ ಹಾಗೆ ಒತ್ತತೊಡಗಿತು. ಏಕೆಂದು ತಿಳಿಯಲಿಲ್ಲ.

ಅದಾಗಿ ಮೂರು ವಾರದ ಮೇಲೆ, ಬೇಸಿಗೆಯ ಒಂದು ಶನಿವಾರ. ಬೆಳಗಿನಿಂದಲೇ ನೆಲದ ಕಡೆಯಿಂದ ಬೀಸುವ ಉತ್ತರದ ಬಿಸಿಗಾಳಿ. ಆ ಗಾಳಿಗೆ ನಮ್ಮ ದಡದಲ್ಲಿ ನೀರು ಸಪಾಟಾಗಿ, ಸಾಧುವಾಗಿ ಕಾಣುತ್ತದೆ. ಅದನ್ನು ನಂಬಿ ಸಣ್ಣ ದೋಣಿಯಲ್ಲಿ ಮೀನು ಹಿಡಿಯಲು ಹೋದವರನ್ನು ಅದೇ ಗಾಳಿ ಮೆಲ್ಲಗೆ ಕೊಲ್ಲಿಯ ನಡುವಿಗೆ ನೂಕಿಕೊಂಡು ಹೋಗುತ್ತದೆ. ಹನ್ನೊಂದು ಗಂಟೆಯ ಸುಮಾರಿಗೆ ಫೋನ್ ಬಂತು. ಗಂಡಸಿನ ದನಿ, ಹರುಕು ಇಂಗ್ಲಿಷ್. ಇಂಜಿನ್ ನಿಂತಿದೆ, ನೀರು ಒಳಗೆ ಬರುತ್ತಿದೆ ಎಂಬಷ್ಟು ಅರ್ಥವಾಯಿತು. ಎಲ್ಲಿದ್ದೀರಿ ಎಂದರೆ ಬರೀ ‘ವಾಟರ್, ವಾಟರ್’ ಎನ್ನುತ್ತಿದ್ದ. ಅಷ್ಟರಲ್ಲಿ ಅವನು ಪಕ್ಕಕ್ಕೆ ತಿರುಗಿ ಯಾರಿಗೋ ತಮಿಳಿನಲ್ಲಿ ಏನೋ ಹೇಳಿದ್ದು ಕೇಳಿಸಿತು.

ಹಲಸೂರಿನಲ್ಲಿ ಬೆಳೆದವನಿಗೆ ತಮಿಳು ಬಾರದೆ ಇರುತ್ತದೆಯೇ? ನಮ್ಮ ವಠಾರದ ಐದು ಮನೆಗಳಲ್ಲಿ ಮೂರು ತಮಿಳರವು.  ನಾನು ತಮಿಳಿನಲ್ಲಿ ಮಾತಾಡಿದ್ದೇ ತಡ, ಅವನು “ಅಣ್ಣಾ” ಎಂದ. ಅವನದು ಶ್ರೀಲಂಕೆಯ ತಮಿಳು, ನನ್ನದು ಬೀದಿಯಲ್ಲಿ ಗೋಲಿ ಆಡುತ್ತ ಕಲಿತದ್ದು. ಅರ್ಧ ಅವನಿಗೆ ತಿಳಿಯಲಿಲ್ಲ, ಅರ್ಧ ನನಗೆ. ಆದರೂ ಕೆಲಸ ನಡೆಯಿತು. ಫೋನಿನಿಂದ ತಾನಿರುವ ಜಾಗ ಕಳಿಸುವುದು ಹೇಗೆಂದು ಹೇಳಿಕೊಟ್ಟೆ.

“ಲೈಫ್ ಜಾಕೆಟ್ ಹಾಕಿದ್ದೀರಾ?”

“ಹಾಕಿದ್ದೀವಿ ಅಣ್ಣಾ.”

“ದೋಣೀಲಿ ಎಷ್ಟು ಜನ?”

“ಇಬ್ಬರು.”

“ಇಬ್ಬರೇನಾ?”

“ಇಬ್ಬರು.” ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ: “ಪೊಲೀಸ್ ಬರ್ತಾರಾ ಅಣ್ಣಾ?”

“ಇಲ್ಲಪ್ಪ, ನಮ್ಮ ದೋಣಿ ಬರುತ್ತೆ. ನೀರು ಎತ್ತಿ ಹಾಕ್ತಾ ಇರಿ.”

ಹಳದಿ ದೋಣಿ ಹೊರಟಿತು. ಸ್ಕಿಪ್ಪರ್ ರೇಡಿಯೋದಲ್ಲಿ ಎಷ್ಟು ಜನ ಎಂದು ಕೇಳಿದ. “ಇಬ್ಬರು. ಎರಡು ಸಲ ಕೇಳಿದೆ,” ಎಂದೆ. ನಮ್ಮಲ್ಲಿ ನಿಯಮದ ಪ್ರಕಾರ ಇಂಥ ಪ್ರತಿ ಕರೆಯನ್ನೂ ಜಲ ಪೊಲೀಸರಿಗೆ ತಿಳಿಸಬೇಕು. ಅವರಿಗೂ ಇಬ್ಬರು ಎಂದೇ ಹೇಳಿದೆ. ಫೋನಿನಲ್ಲಿ ಅವನಿಗೆ ಪೊಲೀಸ್ ಇಲ್ಲ ಎಂದ ಬಾಯಲ್ಲೇ ಪೊಲೀಸರಿಗೆ ವರದಿ ಕೊಡುತ್ತಿದ್ದೆನಲ್ಲ ಎಂದು ಒಂದು ಕ್ಷಣ ಮುಜುಗರವಾಯಿತು.

ಅರ್ಧ ಗಂಟೆ ಕಳೆದು ಸ್ಕಿಪ್ಪರನ ದನಿ ಬಂತು: ಅಲ್ಯೂಮಿನಿಯಂ ದೋಣಿ ಕಾಣಿಸಿದೆ, ಇಬ್ಬರು ಕೈ ಬೀಸುತ್ತಿದ್ದಾರೆ. ಮತ್ತೆ ಐದು ನಿಮಿಷ ಏನೂ ಇಲ್ಲ. ಆಮೇಲೆ ಬಂದ ದನಿ ಬೇರೆಯೇ ಆಗಿತ್ತು.

“ಮೂವರು. ಮೂವರಿದ್ದಾರೆ.”

ಮೂರನೆಯವನು ದೋಣಿಯ ಮೂತಿಯ ಹತ್ತಿರ ಟಾರ್ಪಾಲಿನ ಕೆಳಗೆ ಮಲಗಿದ್ದನಂತೆ. ಮೊದಲ ಇಬ್ಬರನ್ನು ಹತ್ತಿಸಿಕೊಳ್ಳುವಾಗ ಟಾರ್ಪಾಲು ಅಲ್ಲಾಡಿದ್ದನ್ನು ಟೈಲ್ಸಿನವನು ನೋಡಿದ. ಆ ಮೂರನೆಯವನ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ.

ಜಲ ಪೊಲೀಸರಿಗೆ ಫೋನ್ ಮಾಡಿ ಮೂವರು ಎಂದೆ. ಆ ಕಡೆಯ ಅಧಿಕಾರಿ ಹೆಂಗಸು, ದನಿಯಲ್ಲಿ ಅನುಮಾನವೇನೂ ಇರಲಿಲ್ಲ, ಬರೆದುಕೊಳ್ಳಲೆಂದೇ ಕೇಳಿದಳು: “ಮೊದಲು ಇಬ್ಬರು ಅಂದಿದ್ರಿ. ಅವರೇ ಹಾಗೆ ಹೇಳಿದ್ರಾ?”

ನನ್ನ ಕಣ್ಣ ಮುಂದೆ ಒಂದು ಕಥೆ ಪೂರ್ತಿ ಹೊಲಿದುಕೊಂಡು ನಿಂತಿತ್ತು. ಪೊಲೀಸ್ ಬರ್ತಾರಾ ಎಂದು ಕೇಳಿದ ದನಿ, ಟಾರ್ಪಾಲು, ಅದರ ಕೆಳಗೆ ಕಾಗದಪತ್ರಗಳಿಲ್ಲದ ಒಬ್ಬ ಮನುಷ್ಯ. ಯೋಚಿಸಲು ಹೊತ್ತಿರಲಿಲ್ಲ.

“ಇಲ್ಲ. ನಂದೇ ತಪ್ಪು. ಭಾಷೆ ಸರಿಯಾಗಿ ಅರ್ಥ ಆಗ್ಲಿಲ್ಲ,” ಎಂದೆ.

ಕರೆಗಳನ್ನು ದಾಖಲಿಸುವ ಲಾಗ್ ಪುಸ್ತಕದಲ್ಲೂ ಅದನ್ನೇ ಬರೆದೆ: ಕರೆ ತೆಗೆದುಕೊಂಡವರು ಸಂಖ್ಯೆಯನ್ನು ತಪ್ಪಾಗಿ ಕೇಳಿಸಿಕೊಂಡರು. ಕೆಳಗೆ ನನ್ನ ಸಹಿ. ಈ ದೇಶಕ್ಕೆ ಬರಲು ನಾನು ತುಂಬಿದ ಫಾರ್ಮುಗಳಲ್ಲಿ ಹತ್ತನೆಯ ಕ್ಲಾಸಿನ ಅಂಕಪಟ್ಟಿಯಿಂದ ಹಿಡಿದು ಅಪ್ಪನ ಹುಟ್ಟಿದ ದಿನದವರೆಗೆ ಒಂದಕ್ಷರ ಸುಳ್ಳು ಬರೆದವನಲ್ಲ. 

ದೋಣಿ ಬಂದಾಗ ನಾನೂ ಜೆಟ್ಟಿಗೆ ಓಡಿದೆ. ಅಲ್ಲಿ ನಡೆದದ್ದು ನಾನು ಎಣಿಸಿದ್ದಕ್ಕೆ ತಲೆಕೆಳಗಾಗಿತ್ತು. ತಲೆ ಎಣಿಸ್ತೀವಿ, ಪೇಪರ್ ಎಣಿಸಲ್ಲ ಎಂದಿದ್ದ ಸ್ಕಿಪ್ಪರ್ ಸಿಟ್ಟಿನಿಂದ ನಡುಗುತ್ತಿದ್ದ. ಫೋನ್ ಮಾಡಿದವನ ಮುಂದೆ ಎರಡು ಬೆರಳು ಹಿಡಿದು, “ದೋಣಿ ಮಗುಚಿದ್ರೆ ನಾನು ಇಬ್ಬರನ್ನ ಎತ್ತಿಕೊಂಡು ಮನೆಗೆ ಬರ್ತಿದ್ದೆ. ಗೊತ್ತಾಯ್ತಾ? ಇಬ್ಬರನ್ನ,” ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಟೈಲ್ಸಿನವನೋ ಮೂರನೆಯವನನ್ನು ತೋಳು ಹಿಡಿದು ಇಳಿಸಿ, ತನ್ನ ಜಾಕೆಟ್ಟನ್ನು ಅವನಿಗೆ ಹೊದಿಸಿ, ಬೆನ್ನು ಸವರುತ್ತ ಕುಳಿತಿದ್ದ. ಆ ಮನುಷ್ಯ ವಾಂತಿ ಮಾಡಿ ಮಾಡಿ ಬಿಳಿಚಿದ್ದ. “ಸಣ್ಣ ಸಣ್ಣ ಗುಟುಕು,” ಎಂದು ಟೈಲ್ಸಿನವನು ಅವನ ಬಾಯಿಗೆ ನೀರಿನ ಬಾಟಲಿ ಹಿಡಿಯುತ್ತಿದ್ದ.

ಫೋನ್ ಮಾಡಿದವನಿಗೆ ನಲವತ್ತು ಇರಬಹುದು. ನನ್ನ ದನಿಯಿಂದಲೇ ಗುರುತಿಸಿ ಹತ್ತಿರ ಬಂದ. ಕೈ ಹಿಡಿದುಕೊಂಡ.

“ಇದು ನಂಗೆ ಎರಡನೇ ಸಲ ಅಣ್ಣಾ. ಮೊದಲನೇ ಸಲ ದೊಡ್ಡ ಸಮುದ್ರ. ಹದಿನೈದು ದಿನ.”

ದೋಣಿಯಲ್ಲಿ ಈ ದೇಶಕ್ಕೆ ಬಂದವನು ಅವನು. ಅಂದಿನಿಂದ ಇಂದಿನವರೆಗೆ ತಾತ್ಕಾಲಿಕ ವೀಸಾದ ಮೇಲೆಯೇ ಇದ್ದಾನೆ. ಅದನ್ನೂ ಅವನೇ ಹೇಳಿದ. ಮೂರನೆಯವನ ಬಗ್ಗೆ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಅವರ ಗೆಳೆಯನೊಬ್ಬ ಕಾರು ತಂದ. ಮೂವರೂ ಹೋದರು.

ನನ್ನ ಸುಳ್ಳಿಗೆ ಬಂದ ಫಲ ಇಷ್ಟು: ಎರಡು ವಾರದ ಮೇಲೆ ಸಂಖ್ಯೆ ತಪ್ಪು ಕೇಳಿಸಿಕೊಂಡವನಿಗೆ ಮರುತರಬೇತಿ ಎಂದು ತಂಡದಿಂದ ಇಮೇಲ್ ಬಂತು. ಪಾಠ ಮಾಡಲು ಬಂದವನು ಸ್ಕಿಪ್ಪರನೇ. ಬಿಳಿ ಬೋರ್ಡಿನ ಮುಂದೆ ನಿಂತು ಒಂದು ಗಂಟೆ ನನ್ನೊಬ್ಬನಿಗೇ ಪಾಠ. ಎಷ್ಟು ಜನ ಎಂದು ಕೇಳಿದರೆ ಸಾಲದು; ನಿಮ್ಮನ್ನೂ ಸೇರಿಸಿ ಎಷ್ಟು ಜನ, ದೊಡ್ಡವರೆಷ್ಟು, ಮಕ್ಕಳೆಷ್ಟು, ಮಲಗಿರುವವರು ಯಾರಾದರೂ ಇದ್ದಾರೆಯೇ ಎಂದು ಬೇರೆ ಬೇರೆ ರೀತಿಯಲ್ಲಿ ಕೇಳಬೇಕು. ನಾನು ವಿಧೇಯನಾಗಿ ಬರೆದುಕೊಂಡೆ. ಮಾಡದ ತಪ್ಪಿಗೆ ಕ್ಲಾಸಿನಲ್ಲಿ ಕೂತಿದ್ದೇನೆ ಎಂದು ಒಮ್ಮೆ ಅನ್ನಿಸುತ್ತಿತ್ತು, ಮಾಡಿದ್ದು ಇನ್ನೂ ದೊಡ್ಡ ತಪ್ಪಲ್ಲವೇ ಎಂದು ಇನ್ನೊಮ್ಮೆ.

ಈಸ್ಟರ್ ರಜೆಯಲ್ಲಿ ನಾವು ಸಿಡ್ನಿಗೆ ಹೋದೆವು. ನನ್ನ ಅಕ್ಕನ ಮನೆ ಬ್ಲ್ಯಾಕ್‌ಟೌನ್‌ನಲ್ಲಿದೆ. ಭಾವ ಡಾಕ್ಟರು, ಈಗ ರಿಟೈರ್ ಆಗಿದ್ದಾರೆ. ಮೂವತ್ತು ವರ್ಷ ಅದೇ ಸಬರ್ಬಿನಲ್ಲಿ ಕ್ಲಿನಿಕ್ ನಡೆಸಿದವರು. ಊಟಕ್ಕೆ ಕುಳಿತಾಗ ಟಿವಿಯಲ್ಲಿ ಇಂಗ್ಲೆಂಡಿನ ಸುದ್ದಿ ಬಂತು. ರಕ್ಷಣಾ ದೋಣಿಯ ಸ್ವಯಂಸೇವಕರು ವಲಸಿಗರನ್ನು ಕರೆತರಬೇಕೇ ಬೇಡವೇ ಎಂದು ಇಬ್ಬರು ಎದುರುಬದುರು ಕೂತು ವಾದಿಸುತ್ತಿದ್ದರು.

“ಕರ್ಕೊಂಡು ಬರದೆ ಏನು ಮಾಡ್ತಾರೆ?” ಎಂದಳು ನನ್ನ ಹೆಂಡತಿ.

ಭಾವ ಹುಳಿ ಬಡಿಸಿಕೊಳ್ಳುತ್ತ, “ಮುಳುಗ್ತಿರೋವ್ರನ್ನ ಎತ್ತಬೇಕು, ಸರಿ. ಆದ್ರೆ ಇಲ್ಲಿ ಸರ್ಕಾರ ವಲಸಿಗರ ದೋಣಿಗಳನ್ನ ವಾಪಸ್ ಕಳಿಸಿ ನಿಲ್ಲಿಸಿದ ಮೇಲೆ ಮುಳುಗೋದೂ ನಿಂತ್ಹೋಯ್ತಲ್ಲಮ್ಮ. ಅದನ್ನ ಯಾಕೆ ಯಾರೂ ಹೇಳಲ್ಲ?” ಎಂದರು.

ಭಾವ ಕಲ್ಲೆದೆಯವರಲ್ಲ. ದೋಣಿಯಲ್ಲಿ ಬಂದವರು ಎಷ್ಟೋ ಜನ ಅವರ ಪೇಷಂಟುಗಳಾಗಿದ್ದರು. ನಿದ್ದೆ ಬಾರದ ಹೆಂಗಸರ ಮಾತನ್ನು ಅವರು ಮುಕ್ಕಾಲು ಗಂಟೆ ಕೂತು ಕೇಳುತ್ತಿದ್ದುದನ್ನು, ಹೊರಗೆ ಕಾಯುವವರು ಗೊಣಗುತ್ತಿದ್ದುದನ್ನು ಅಕ್ಕ ಹೇಳುತ್ತಿದ್ದಳು.

ನನಗೆ ಸುಮ್ಮನಿರಲಾಗಲಿಲ್ಲ. ಆ ಶನಿವಾರದ ಕಥೆ ಹೇಳಿದೆ. ಹೇಳುತ್ತ ಹೇಳುತ್ತ ಸ್ವಲ್ಪ ಹಿಗ್ಗೂ ಬಂತು ಎಂದು ಒಪ್ಪಿಕೊಳ್ಳಬೇಕು. ನನ್ನದೇ ತಪ್ಪು ಎಂದು ಹೇಳಿ ಒಬ್ಬನನ್ನು ಉಳಿಸಿದೆ ಎಂಬಲ್ಲಿಗೆ ಮುಗಿಸಿದೆ. ಹೆಂಡತಿಗೂ ಆ ಭಾಗ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳು ನನ್ನನ್ನೇ ನೋಡಿದಳು.

ಭಾವ ಕೈ ನಿಲ್ಲಿಸಿದರು. “ನಾವು ಬಂದಾಗ ಸ್ಪೆಲ್ಲಿಂಗ್ ತಪ್ಪಾದ್ರೂ ಹೆದರ್ತಿದ್ವಿ. ನೀನು ಪೊಲೀಸ್‌ಗೆ ಸುಳ್ಳು ಹೇಳ್ದೆ. ನಾಳೆ ನಿಜವಾಗ್ಲೂ ಯಾರಾದ್ರೂ ನೀರಲ್ಲಿ ಕಳ್ದುಹೋದ್ರೆ, ನಿನ್ನ ಲಾಗ್ ಯಾರು ನಂಬ್ತಾರೆ?”

“ಅವನಿಗೆ ತೊಂದ್ರೆ ಆಗಬಾರದು ಅಂತ…”

“ನಿಂಗೆ ಹೇಗೆ ಗೊತ್ತು ತೊಂದ್ರೆ ಆಗುತ್ತೆ ಅಂತ?”

 ಅಕ್ಕ ಮಜ್ಜಿಗೆಯ ಪಾತ್ರೆ ಮುಂದೆ ಸರಿಸುತ್ತ ಕೇಳಿದಳು: “ಆ ಮೂರನೆಯವನು ಯಾರು? ಆಮೇಲೆ ಏನಾದ?”

“ಗೊತ್ತಿಲ್ಲ ಅಕ್ಕ.”

“ಕೇಳಲಿಲ್ವಾ?”

“ಇಲ್ಲ.”

ಅವಳು ನನ್ನ ತಟ್ಟೆಗೆ ಮಜ್ಜಿಗೆ ಬಡಿಸಿದಳು.  ಒಬ್ಬ ಮನುಷ್ಯನಿಗಾಗಿ ಸುಳ್ಳು ಹೇಳಿದವನು ಅವನು ಯಾರೆಂದು ಕೇಳಿರಲೇ ಇಲ್ಲ.

ಉತ್ತರ ಸಿಕ್ಕಿದ್ದು ಆಕಸ್ಮಿಕವಾಗಿ. ಚಳಿಗಾಲ ಶುರುವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದೆ. ಪಕ್ಕದಲ್ಲಿ ನುಗ್ಗೆಕಾಯಿ ಹಿಡಿದು ನಿಂತವನು “ಅಣ್ಣಾ” ಎಂದ. ಫೋನ್ ಮಾಡಿದವನು. ಮನೆಯವರ ಕ್ಷೇಮ, ಕೆಲಸ ಎಲ್ಲ ಆಯಿತು. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನಂತೆ. ಅಕ್ಕಿ ಮೂಟೆಗಳ ಪಕ್ಕ ನಿಂತು ನಾನು ಕೇಳಿಯೇ ಬಿಟ್ಟೆ.

“ಆವತ್ತು ಟಾರ್ಪಾಲಿನ ಕೆಳಗೆ ಇದ್ದರಲ್ಲ, ಅವರಿಗೆ ವೀಸಾ ತೊಂದರೆ ಏನಾದ್ರೂ ಆಯ್ತಾ?”

ಅವನು ಅರ್ಥವಾಗದೆ ನೋಡಿದ. “ಅವನಿಗಾ? ಅವನು ನನ್ನ ಹೆಂಡತಿಯ ತಮ್ಮ. ಓದೋಕೆ ಅಂತ ಫ್ಲೈಟ್‌ನಲ್ಲಿ ಬಂದವನು. ಹೋದ ವರ್ಷ ಸಿಟಿಜನ್ ಆದ.”

“ಮತ್ತೆ ಬಚ್ಚಿಟ್ಟುಕೊಂಡಿದ್ದು?”

“ಬಚ್ಚಿಟ್ಟುಕೊಂಡಿರಲಿಲ್ಲ ಅಣ್ಣಾ. ವಾಂತಿ, ತಲೆಸುತ್ತು. ಬಿಸಿಲು ತಾಗಬಾರದು ಅಂತ ನಾನೇ ಹೊದಿಸಿದ್ದೆ.”

“ಹಾಗಿದ್ದ ಮೇಲೆ ಇಬ್ಬರು ಅಂತ ಯಾಕೆ ಹೇಳಿದ್ರಿ?”

ಅವನು ನುಗ್ಗೆಕಾಯಿಯನ್ನು ಬುಟ್ಟಿಯಲ್ಲಿಟ್ಟ. 

“ಆ ದೋಣಿ ಮೇಲೆ ಇಬ್ಬರಿಗೆ ಮಾತ್ರ ಅಂತ ಬರೆದಿದೆ. ಮೂವರು ಅಂದ್ರೆ ಫೈನ್ ಹಾಕ್ತಾರೆ, ಪೊಲೀಸ್ ಕೇಸ್ ಆದ್ರೆ ನನ್ನ ವೀಸಾಗೆ ಪೆಟ್ಟು ಅಂತ ಅಂದ್ಕೊಂಡೆ.” ಮತ್ತೆ ನಿಲ್ಲಿಸಿ, “ಇಲ್ಲ, ಅದೂ ಅಲ್ಲವೇನೋ. ಆವಾಗ ದೊಡ್ಡ ಸಮುದ್ರದಲ್ಲೂ ಫೋನಿನಲ್ಲಿ ರಕ್ಷಣೆಯವರು ಹೀಗೇ ಕೇಳಿದ್ರು, ಎಷ್ಟು ಜನ ಅಂತ. ನಮ್ಮ ದೋಣಿಯವನು ಕಡಿಮೆ ಹೇಳಿದ. ಜಾಸ್ತಿ ಜನ ಅಂದ್ರೆ ಯಾರೂ ಬರಲ್ಲ ಅಂತ. ನೀವು ಕೇಳಿದಾಗ ಬಾಯಿಗೆ ಅದೇ ಬಂತೋ ಏನೋ. ಯಾವುದು ನಿಜ ಅಂತ ನಂಗೂ ಗೊತ್ತಿಲ್ಲ ಅಣ್ಣಾ,” ಎಂದ.

ನಾನು ಪೊಲೀಸರಿಗೆ ಹೇಳಿದ್ದನ್ನು ಅವನಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಮಗಳು ಬಂದು ಕೈಯೆಳೆದು, ಹೋಗೋಣ ಎಂದು ಇಂಗ್ಲಿಷಿನಲ್ಲಿ ರಾಗ ತೆಗೆದಳು. ಅವನು ತಮಿಳಿನಲ್ಲಿ ಸಮಾಧಾನ ಮಾಡುತ್ತ ಹೊರಟ.

ಅಂಗಡಿಯಿಂದ ಹೊರಬಂದು ಕಾರಿನಲ್ಲಿ ಕೂತವನು ಎಷ್ಟೋ ಹೊತ್ತು ಸ್ಟಾರ್ಟ್ ಮಾಡಲಿಲ್ಲ. ಟಾರ್ಪಾಲಿನ ಕೆಳಗಿದ್ದವನು ನನ್ನ ಹಾಗೆಯೇ ‘ಸರಿಯಾಗಿ’ ಬಂದವನು. ಅವನ ಮೇಲೆ ಕಳ್ಳನ ಕಥೆ ಹೊಲಿದವನು ನಾನೇ. ಭಾವನೂ ಅಲ್ಲ, ಟೈಲ್ಸಿನವನೂ ಅಲ್ಲ. ಕನಿಕರದಿಂದಲೇ ಹೊಲಿದಿದ್ದೆ, ಅದೂ ನಿಜ. ಕನಿಕರವೂ ಅನುಮಾನವೂ ಒಂದೇ ಹೊಟ್ಟೆಯಲ್ಲಿ ಹುಟ್ಟುತ್ತವೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಏನು ಮಾಡಬೇಕೆಂದೂ ತಿಳಿಯಲಿಲ್ಲ.

ಮುಂದಿನ ಶನಿವಾರ ಸ್ಕಿಪ್ಪರ್ ಒಬ್ಬನೇ ಸಿಕ್ಕಾಗ ಎಲ್ಲವನ್ನೂ ಹೇಳಿದೆ. ತಪ್ಪು ಕೇಳಿಸಿಕೊಂಡಿರಲಿಲ್ಲ, ಸುಳ್ಳು ಬರೆದೆ ಎಂದೆ. ಅವನು ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತು. ಎರಡು ಸಲ ಕೇಳಿದೆ ಅಂತ ರೇಡಿಯೋದಲ್ಲಿ ನೀನೇ ನಂಗೆ ಹೇಳಿದ್ದೆಯಲ್ಲ.”

“ಮತ್ತೆ ನನಗೆ ಕ್ಲಾಸ್ ಯಾಕೆ ತಗೊಂಡೆ?”

“ನಾನೇ ತಪ್ಪು ಮಾಡಿದೆ ಅಂತ ಸಹಿ ಹಾಕಿದವನು ನೀನು. ಅಲ್ಲದೆ ಮೂರನೇ ಸಲ ಕೇಳಬೇಕಾಗಿತ್ತು.”

ಲಾಗ್ ಪುಸ್ತಕ ತಿದ್ದಲೇ ಎಂದು ಕೇಳಿದೆ. ಅವನು ಹಗ್ಗವನ್ನು ಕೊಕ್ಕೆಗೆ ಹಾಕಿ, “ನಿನ್ನ ಸಹಿ, ನೀನು ನೋಡಿಕೋ,” ಎಂದು ದೋಣಿಯ ಕಡೆ ಹೋದ.

ಪುಸ್ತಕ ತೆರೆದು ಆ ಪುಟ ಹುಡುಕಿದೆ. ಕರೆ ಮಾಡಿದವರು ಇಬ್ಬರು ಎಂದೇ ಹೇಳಿದರು ಎಂದು ಈಗ ಬರೆದರೆ, ತಪ್ಪು ವರದಿಯ ಹೊಣೆ ಬೀಳುವುದು ಸಿಟಿಜನ್ ಆದವನ ಮೇಲಲ್ಲ. ಇಷ್ಟು ವರ್ಷದಿಂದ ತಾತ್ಕಾಲಿಕ ವೀಸಾದಲ್ಲಿ ತೂಗಾಡುತ್ತಿರುವವನ ಮೇಲೆ. ಆವತ್ತು ನಾನು ಉಳಿಸಿದೆ ಎಂದುಕೊಂಡವನಿಗೆ ನನ್ನ ಸುಳ್ಳು ಬೇಕಾಗಿಯೇ ಇರಲಿಲ್ಲ. ಅದು ಬೇಕಾಗಿದ್ದವನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಭಾವನ ಮಾತು ನೆನಪಾಗಿ ಮತ್ತೆ ತೆಗೆದೆ. ಕೊನೆಗೆ ಏನನ್ನೂ ಬರೆಯದೆ ಪುಸ್ತಕವನ್ನು ಕಪಾಟಿನಲ್ಲಿಟ್ಟೆ. ಅದು ಧೈರ್ಯವೋ ಪುಕ್ಕಲುತನವೋ ಇಂದಿಗೂ ಹೇಳಲಾರೆ.

ಮನೆಗೆ ಬಂದಾಗ ಹೆಂಡತಿ, “ಸ್ಕಿಪ್ಪರ್‌ಗೆ ಹೇಳಿದ್ರಾ? ಏನಂದ್ರು?” ಎಂದು ಕೇಳಿದಳು.

“ಮೂರನೇ ಸಲ ಕೇಳಬೇಕಾಗಿತ್ತಂತೆ.”

ಅವಳು ನಕ್ಕಳು. ನಾನೂ ನಗಲು ಹೋದೆ, ಅರ್ಧಕ್ಕೇ ನಿಂತಿತು. ಇತ್ತೀಚೆಗೆ ಸ್ಕಿಪ್ಪರನ ಸೋದರಳಿಯ ಅಲ್ಲಿನ ತಂಡ ಬಿಟ್ಟನಂತೆ. ಬೈಗುಳಕ್ಕೆ ಬೇಸತ್ತು ಬಿಟ್ಟ ಎಂದು ಆ ಊರಿನಲ್ಲಿ ಒಂದು ಪಂಗಡ ಹೇಳುತ್ತದೆ, ವಲಸಿಗರನ್ನು ತರಲು ಇಷ್ಟವಿಲ್ಲದೆ ಬಿಟ್ಟ ಎಂದು ಇನ್ನೊಂದು. ನಿಜವಾಗಿ ಯಾಕೆ ಎಂದು ಸ್ಕಿಪ್ಪರನನ್ನು ಕೇಳಿದೆ.

“ಬೆನ್ನು ನೋವು,” ಎಂದ ಅವನು. “ಹಾಗಂತ ನನ್ನ ತಂಗಿ ಹೇಳ್ತಾಳೆ.”